ಗದಗಿಗೆ ಹೋಗಿ ಬರುವ ಲೆಕ್ಕ: ಸಣ್ಣ ಬ್ಯಾಟರಿಯ ಕಾರಿಗೊಂದು ಕಿರ್ದಿ ಪುಸ್ತಕ

ಕಳೆದ ಆಷಾಢದಲ್ಲಿ ಅವ್ವನನ್ನು ಕರೆದುಕೊಂಡು ಗದಗಿಗೆ ಹೋಗಿದ್ದೆ. ವೀರನಾರಾಯಣನ ದರ್ಶನ, ಸೋದರಮಾವನ ಮನೆಯಲ್ಲಿ ಊಟ, ಸಂಜೆಗೆ ವಾಪಸ್. ಇಷ್ಟೇ ಯೋಜನೆ. ಹುಬ್ಬಳ್ಳಿ ಬಿಟ್ಟಾಗ ಬ್ಯಾಟರಿ 90 ಪರ್ಸೆಂಟ್ ಇತ್ತು. ಗದಗ ಮುಟ್ಟಿದಾಗ 64. ಸುಮಾರು 58 ಕಿಲೋಮೀಟರಿಗೆ ಬರೀ 26 ಪರ್ಸೆಂಟ್! ಭಾಳ ಖುಷಿಯಾಯಿತು. ಬರುವಾಗಲೂ 26 ಸಾಕಲ್ವಾ ಅಂತ ಲೆಕ್ಕ ಹಾಕಿ, ಊಟದ ಮೇಲೆ ಲಕ್ಕುಂಡಿಗೂ ಹೋಗಿ ಬಂದೆವು. ಊರೊಳಗಿನ ಓಡಾಟ ಸೇರಿ ಅದಕ್ಕೆ 15 ಹೋಯಿತು. 49 ಉಳಿಯಿತು. ಬೇಕಾದಷ್ಟಾಯಿತು ಅಂದುಕೊಂಡೆ.

ಅಣ್ಣಿಗೇರಿ ಹತ್ತಿರ ನೋಡುತ್ತೇನೆ, 34. ಇನ್ನೂ ಅರ್ಧ ದಾರಿಯೂ ಮುಗಿದಿಲ್ಲ. ನಾನು ಮತ್ತೆ ಮತ್ತೆ ಪರದೆ ನೋಡುವುದನ್ನು ಹಿಂದೆ ಕೂತ ಅವ್ವ ಗಮನಿಸಿದಳು. "ತಮ್ಮಾ, ಇದು ನಮ್ಮನ್ನ ಮನೀ ಮುಟ್ಟಸ್ತದೋ, ನಡುದಾರ್ಯಾಗ ಇಳಸ್ತದೋ?" ಮನೆ ಗೇಟಿಗೆ ಬಂದಾಗ 9 ಪರ್ಸೆಂಟ್ ಉಳಿದಿತ್ತು. ಹೋಗುವಾಗ 26 ತಿಂದ ದಾರಿ ಬರುವಾಗ 40 ತಿಂದಿತ್ತು.

ದಾರಿ ಅದೇ, ಕಾರು ಅದೇ, ವೇಗವೂ 80ರ ಆಚೀಚೆ ಅದೇ. ಬದಲಾಗಿದ್ದು ಗಾಳಿ ಮಾತ್ರ. ಮುಂಗಾರಿನ ಗಾಳಿ ನಮ್ಮ ಕಡೆ ಪಶ್ಚಿಮದಿಂದ ಬೀಸುತ್ತದೆ. ಗದಗ ಇರುವುದು ಹುಬ್ಬಳ್ಳಿಯ ಪೂರ್ವಕ್ಕೆ. ಹೋಗುವಾಗ ಗಾಳಿ ಬೆನ್ನಿಗಿತ್ತು, ಬರುವಾಗ ಎದೆಗೆ. ಗದಗದ ಸುತ್ತ ಅಷ್ಟೊಂದು ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಅವು ಗಿರಗಿರ ತಿರುಗುವುದನ್ನು ಅವ್ವನಿಗೆ ತೋರಿಸುತ್ತಲೇ ಹೋದವನು ನಾನು. ಲೆಕ್ಕಕ್ಕೆ ಮಾತ್ರ ಹಿಡಿಯಲಿಲ್ಲ.

ಅವತ್ತಿನಿಂದ ನಾನು ಕಿಲೋಮೀಟರ್ ಎಣಿಸುವುದನ್ನು ಬಿಟ್ಟು ಪರ್ಸೆಂಟ್ ಎಣಿಸುತ್ತೇನೆ. ಅದನ್ನೇ ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ನನ್ನದು 24 ಯೂನಿಟ್ (ಕಂಪನಿಯವರ ಭಾಷೆಯಲ್ಲಿ kWh) ಬ್ಯಾಟರಿಯ ಸಣ್ಣ ಕಾರು, ಅದೂ ಸೆಕೆಂಡ್ ಹ್ಯಾಂಡ್. 17ರಿಂದ 30 ಯೂನಿಟ್ ಬ್ಯಾಟರಿ ಇರುವವರಿಗೆ ಇದು ಹೆಚ್ಚು ಉಪಯೋಗ. ಐವತ್ತು, ಅರವತ್ತು ಯೂನಿಟ್ ಕಾರು ಇರುವವರು ಘಟ್ಟದ ಭಾಗ ಓದಿ ಬಿಟ್ಟರೆ ಸಾಕು.

ಮೊದಲು ಎರಡು ಅಂಕಿ ಮರೆಯಿರಿ

ಒಂದು, ಕಂಪನಿ ಹೇಳುವ ಅಂಕಿ. ನನ್ನ ಕಾರಿನ ಜಾಹೀರಾತಿನಲ್ಲಿ 300ಕ್ಕೂ ಮೇಲೆ ಅಂತ ಇತ್ತು. ಅದು ಸುಳ್ಳಲ್ಲ. ಪ್ರಯೋಗಾಲಯದಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಹಚ್ಚದೆ, ಬಹುಪಾಲು ಊರೊಳಗಿನ ನಿಧಾನ ವೇಗದಲ್ಲಿ ಓಡಿಸಿ ಅಳೆದ ಅಂಕಿ ಅದು. ಅಲ್ಲಿ ಗದಗದ ಗಾಳಿಯೂ ಇಲ್ಲ, ಮೂರು ಮಂದಿ ಬೀಗರೂ ಇಲ್ಲ. ಹೈವೇಯಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಸಿಕ್ಕರೆ ಕಾರು ಚೆನ್ನಾಗಿದೆ ಅಂತಲೇ ತಿಳಿಯಿರಿ.

ಇನ್ನೊಂದು, ಪರದೆಯ ಮೇಲೆ 'ಇನ್ನು ಇಷ್ಟು ಕಿಲೋಮೀಟರ್' ಅಂತ ತೋರಿಸುವ ಅಂಕಿ. ಕಾರು ಅದನ್ನು ಈಚೆಗೆ ನೀವು ಓಡಿಸಿದ ರೀತಿ ನೋಡಿ ಊಹಿಸುತ್ತದೆ. ವಾರವೆಲ್ಲ ಕೇಶ್ವಾಪುರ, ವಿದ್ಯಾನಗರ ಅಂತ ನಿಧಾನವಾಗಿ ತಿರುಗಿದ್ದರೆ ಸೋಮವಾರ 190 ತೋರಿಸುತ್ತದೆ. ಅದನ್ನು ನಂಬಿ ಹೈವೇ ಹತ್ತಿದರೆ 20 ಕಿಲೋಮೀಟರ್ ಹೋಗುವಷ್ಟರಲ್ಲಿ ಅಂಕಿ 35 ಇಳಿದಿರುತ್ತದೆ. ಕಾರು ಕೆಟ್ಟಿಲ್ಲ. ಮುಂದಿನ ದಾರಿ ಅದಕ್ಕೆ ಗೊತ್ತಿಲ್ಲ, ಅಷ್ಟೆ. ದಾರಿ ಗೊತ್ತಿರುವುದು ನಿಮಗೆ.

ಕಿರ್ದಿ ಬರೆಯಿರಿ

ನಮ್ಮ ಊರು ಅಂಗಡಿಕಾರರ ಊರು. ಕಿರ್ದಿ ಪುಸ್ತಕ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಲವತ್ತು ಪುಟದ ಒಂದು ನೋಟ್‌ಬುಕ್ ಕಾರಿನಲ್ಲಿ ಇಡಿ. ಪ್ರತಿ ಪ್ರಯಾಣಕ್ಕೆ ಒಂದು ಸಾಲು: ಎಲ್ಲಿಂದ ಎಲ್ಲಿಗೆ, ಹೊರಟಾಗ ಎಷ್ಟು ಪರ್ಸೆಂಟ್, ಮುಟ್ಟಿದಾಗ ಎಷ್ಟು, ಎಷ್ಟು ಮಂದಿ, ಮಳೆ ಇತ್ತೋ ಗಾಳಿ ಇತ್ತೋ. ಹೋಗುವುದು ಒಂದು ಸಾಲು, ಬರುವುದು ಇನ್ನೊಂದು ಸಾಲು. ಎರಡನ್ನೂ ಕೂಡಿಸಿ ಬರೆದರೆ ನನಗೆ ಆದ ಫಜೀತಿಯೇ ನಿಮಗೂ ಆಗುತ್ತದೆ.

ನನ್ನ ಪುಸ್ತಕದ ಒಂದೆರಡು ಸಾಲು ನೋಡಿ. ವಿದ್ಯಾನಗರದಿಂದ ಧಾರವಾಡದ ಸಪ್ತಾಪುರಕ್ಕೆ ಹೋಗುವಾಗ 11, ಬರುವಾಗ 8. ಈ ವ್ಯತ್ಯಾಸ ನನಗೆ ಮೊದಮೊದಲು ತಿಳಿಯಲಿಲ್ಲ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ ಅಂತ ಶಾಲೆಯಲ್ಲಿ ಓದಿದ್ದು ನಲವತ್ತು ದಾಟಿದ ಮೇಲೆ ಉಪಯೋಗಕ್ಕೆ ಬಂತು. ಹಾವೇರಿ 75 ಕಿಲೋಮೀಟರ್: ಹೋಗುವಾಗ 39, ಬರುವಾಗ 41. ಗದಗ ಚಳಿಗಾಲದಲ್ಲಿ: ಎರಡೂ ಕಡೆ 31, 32. ಆಷಾಢದಲ್ಲಿ: 26 ಮತ್ತು 40. ಆಷಾಢದ ಆ 40ರ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ.

ನಿಮ್ಮ ಅಂಕಿಗಳು ಬೇರೆಯೇ ಇರುತ್ತವೆ. ನನ್ನವನ್ನು ನಕಲು ಮಾಡಬೇಡಿ. ಎರಡು ತಿಂಗಳು ಬರೆದರೆ ಸಾಕು, ನೀವು ಓಡಾಡುವ ದಾರಿಗಳೆಲ್ಲ ಪುಸ್ತಕದಲ್ಲಿ ಬಂದಿರುತ್ತವೆ. ಹೊಸ ದಾರಿಗೆ ಹೊರಡುವಾಗ ಅದೇ ತರಹದ ಹಳೇ ದಾರಿ ನೋಡಿ ಅಂದಾಜು ಮಾಡಿ, ಮೇಲೆ ಇಷ್ಟು ಅಂತ ಸೇರಿಸಿಕೊಳ್ಳಿ.

ವಾಪಸ್ ಬರುವ ಲೆಕ್ಕ ಮೊದಲು

ಹೊರಡುವ ಮುನ್ನ ಹಿಂದಿನಿಂದ ಲೆಕ್ಕ ಹಾಕಿ. ಮನೆ ಮುಟ್ಟಿದಾಗ ಕೈಯಲ್ಲಿ 15 ಉಳಿಯಬೇಕು. ಅದನ್ನು ಮೊದಲೇ ತೆಗೆದಿಡಿ, ಅದು ನಿಮ್ಮದಲ್ಲ ಅಂತಲೇ ತಿಳಿಯಿರಿ. ಮೇಲೆ ವಾಪಸ್ ದಾರಿಯ ಪರ್ಸೆಂಟ್, ಅದರಲ್ಲೂ ಕೆಟ್ಟ ದಿನದ ಅಂಕಿ. ಗದಗಕ್ಕೆ ನನ್ನದು 40. ಕೂಡಿಸಿದರೆ 55. ಗದಗದಲ್ಲಿ ಗಾಡಿ ತಿರುಗಿಸುವಾಗ 55 ಇರಲೇಬೇಕು. 64 ಇದ್ದರೆ ತಿರುಗಾಟಕ್ಕೆ ಉಳಿಯುವುದು 9 ಮಾತ್ರ. ಲಕ್ಕುಂಡಿಗೆ 15 ಬೇಕು. ಅಂದರೆ ಒಂದೋ ಲಕ್ಕುಂಡಿ ಬಿಡಬೇಕು, ಇಲ್ಲವೇ ಮಾವನ ಮನೆಯಲ್ಲಿ ಊಟ ಆಗುವವರೆಗೆ ಗಾಡಿಗೂ ಊಟ ಹಾಕಬೇಕು. ಅವತ್ತು ಇಷ್ಟು ಸಣ್ಣ ಲೆಕ್ಕ ಮಾಡಿದ್ದರೆ ಅವ್ವನಿಂದ ಆ ಮಾತು ಕೇಳುವುದು ತಪ್ಪುತ್ತಿತ್ತು.

ಹುಬ್ಬಳ್ಳಿ–ಧಾರವಾಡ ದಿನಾ ಓಡಾಡುವವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ದಿನಕ್ಕೆ ನಲವತ್ತು ಕಿಲೋಮೀಟರ್ ಯಾವ ಕಾರಿಗೂ ಭಾರವಲ್ಲ. ಎರಡು ಮೂರು ದಿನಕ್ಕೊಮ್ಮೆ ರಾತ್ರಿ ಚಾರ್ಜಿಗೆ ಹಚ್ಚಿ ಮಲಗಿದರೆ ಮುಗಿಯಿತು.

ವೇಗ: ಹತ್ತು ನಿಮಿಷದ ಬೆಲೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೇನೆ ಅನ್ನುವವರು ಇದನ್ನು ಓದಿ.

ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾಗುವ ಬಲ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಏರಿತು. ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟಿಗೂ ಮೇಲಾಯಿತು. ಟೈರಿನ ತಿಕ್ಕಾಟ ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ಒಟ್ಟು ಖರ್ಚು ಅಷ್ಟು ಏರುವುದಿಲ್ಲ. ಆದರೂ ನನ್ನ ಕಾರಿನಲ್ಲಿ ಕಾಲು ಭಾಗ ಜಾಸ್ತಿ ಆಗುತ್ತದೆ. 80ರಲ್ಲಿ ಒಂದು ಯೂನಿಟ್‌ಗೆ ಏಳೂವರೆಯಿಂದ ಎಂಟು ಕಿಲೋಮೀಟರ್ ಕೊಡುವ ಗಾಡಿ 100ರಲ್ಲಿ ಆರು ಕೊಡುತ್ತದೆ.

ಬದಲಿಗೆ ಸಿಗುವುದೇನು? ಹಾವೇರಿಗೆ 80ರಲ್ಲಿ ಹೋದರೆ 56 ನಿಮಿಷ, 100ರಲ್ಲಿ ಹೋದರೆ 45. ಹನ್ನೊಂದು ನಿಮಿಷ ಉಳಿಯಿತು. ಅದಕ್ಕಾಗಿ ಖರ್ಚಾದ ಹತ್ತು ಪರ್ಸೆಂಟ್ ಮತ್ತೆ ತುಂಬಿಸಲು ಮನೆಯ ಪ್ಲಗ್‌ನಲ್ಲಿ ಒಂದು ತಾಸು ಬೇಕು. ಹುಬ್ಬಳ್ಳಿಯ ಯಾವ ವ್ಯಾಪಾರಿಯೂ ಈ ವ್ಯವಹಾರಕ್ಕೆ ಕೈ ಹಾಕಲಿಕ್ಕಿಲ್ಲ.

ಎದುರುಗಾಳಿಯೂ ಇದೇ ಲೆಕ್ಕ. ನೀವು 80ರಲ್ಲಿ ಹೋಗುತ್ತಿದ್ದು ಎದುರಿನಿಂದ 20ರ ಗಾಳಿ ಬಂದರೆ ಕಾರಿನ ಮೂತಿಗೆ ಬಡಿಯುವುದು 100ರ ಗಾಳಿ. ಆಗ ನೀವು 65ಕ್ಕೆ ಇಳಿದರೆ ಮತ್ತೆ ಹಳೇ ಖರ್ಚಿನ ಹತ್ತಿರ ಬರುತ್ತೀರಿ. ಜೂನ್‌ನಿಂದ ಆಗಸ್ಟ್‌ವರೆಗೆ ಗದಗದಿಂದ ಬರುವವರು ಇದನ್ನು ನೆನಪಿಡಿ. ರಸ್ತೆಯ ಪಕ್ಕದ ಹೊಲದಲ್ಲಿ ಬೆಳೆ ಯಾವ ಕಡೆ ವಾಲಿದೆ ನೋಡಿದರೆ ಮೊಬೈಲಿನ ಹವಾಮಾನವೂ ಬೇಡ.

ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ, ಬೆಳಗ್ಗೆ ಟೈರು ತಣ್ಣಗಿರುವಾಗ. ಮೇಲಿನ ಕ್ಯಾರಿಯರ್ ಬೇಡದಿದ್ದರೆ ಬಿಚ್ಚಿಡಿ. ರಸ್ತೆ ತೊಯ್ದಿದ್ದರೆ ಒಂದಿಷ್ಟು ಜಾಸ್ತಿ ತಿನ್ನುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಎಸಿ ತಿನ್ನುವುದು ತಾಸಿಗೆ, ಕಿಲೋಮೀಟರಿಗಲ್ಲ

ಏಪ್ರಿಲ್ ಬಿಸಿಲಲ್ಲಿ ಎಸಿ ಬಂದ್ ಮಾಡಿ ಬೆವರು ಸುರಿಸುತ್ತಾ ಹೋಗುವವರನ್ನು ನೋಡಿದ್ದೇನೆ. ಹೈವೇಯಲ್ಲಿ ಅದು ವ್ಯರ್ಥ ತ್ಯಾಗ. ಸಣ್ಣ ಕಾರಿನ ಎಸಿ ತಾಸಿಗೆ ಹೆಚ್ಚುಕಮ್ಮಿ ಒಂದು ಯೂನಿಟ್ ತಿನ್ನುತ್ತದೆ. ಹೈವೇಯಲ್ಲಿ ಆ ಒಂದು ತಾಸಿನಲ್ಲಿ ನೀವು ಹಾವೇರಿಯಲ್ಲಿರುತ್ತೀರಿ. ಅದೇ ದುರ್ಗದಬೈಲ್ ಸುತ್ತ ಹಬ್ಬದ ಸಂತೆಯಲ್ಲಿ ಸಿಕ್ಕಿಕೊಂಡರೆ ಆ ತಾಸಿನಲ್ಲಿ ಹತ್ತು ಕಿಲೋಮೀಟರೂ ಹೋಗಿರುವುದಿಲ್ಲ, ಯೂನಿಟ್ ಮಾತ್ರ ಹೋಗಿರುತ್ತದೆ. ಕಿಟಕಿ ಇಳಿಸುವುದಿದ್ದರೆ ಅಲ್ಲಿ ಇಳಿಸಿ.

ಬೇವಿನ ಮರದ ನೆರಳು ಸಿಕ್ಕರೆ ಐವತ್ತು ಹೆಜ್ಜೆ ನಡೆದರೂ ಚಿಂತೆಯಿಲ್ಲ, ಅಲ್ಲೇ ನಿಲ್ಲಿಸಿ. ಮನೆಯಿಂದ ಹೊರಡುವಾಗ ಚಾರ್ಜರ್ ಹಚ್ಚಿದ್ದಾಗಲೇ ಹತ್ತು ನಿಮಿಷ ಎಸಿ ಓಡಿಸಿ. ಆಗ ತಂಪು ಮಾಡುವ ಖರ್ಚು ಬಹುತೇಕ ಗೋಡೆಯ ಕರೆಂಟಿನದಾಗುತ್ತದೆ.

ಘಟ್ಟ ಇಳಿಯುವುದು ಸುಲಭ, ಹತ್ತುವುದಕ್ಕೆ ರೊಕ್ಕ ಬೇಕು

ಶನಿವಾರ ಬಂದರೆ ನಮ್ಮ ಮಂದಿಗೆ ಸಮುದ್ರದ ನೆನಪು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಸುಮಾರು 130 ಕಿಲೋಮೀಟರ್. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಮೋಟರೇ ಕಾರನ್ನು ತಡೆಯುತ್ತದೆ, ಬ್ಯಾಟರಿಗೆ ಕರೆಂಟ್ ವಾಪಸ್ ಬರುತ್ತದೆ. ಇದಕ್ಕೆ ರೀಜೆನ್ ಅನ್ನುತ್ತಾರೆ. ಘಟ್ಟದ ಕೆಳಗೆ ಬಂದಾಗ ಪರ್ಸೆಂಟ್ ಏರಿರುತ್ತದೆ, ಪರದೆಯ ಕಿಲೋಮೀಟರ್ ಅಂಕಿಯಂತೂ ಹಿಗ್ಗಿಬಿಟ್ಟಿರುತ್ತದೆ. ಅದನ್ನು ನಂಬಿ ಮೋಸ ಹೋಗಬೇಡಿ.

ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರ್‌ಗೂ ಮೇಲಿದೆ. ಮಂದಿ, ಸಾಮಾನು ಸೇರಿ 1,400 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು, ನಡುವೆ ಆಗುವ ನಷ್ಟ ಹಿಡಿದು, 3 ಯೂನಿಟ್ ಹತ್ತಿರ ಬೇಕು. ನನ್ನ ಬ್ಯಾಟರಿಯ ಎಂಟನೇ ಒಂದು ಭಾಗ ಬರೀ ಎತ್ತುವುದಕ್ಕೇ ಹೋಯಿತು. ಮುಂದೆ ಸಾಗುವ ಖರ್ಚು ಬೇರೆ. ಹೀಗಾಗಿ ಅಂಕೋಲಾದಿಂದ ಹುಬ್ಬಳ್ಳಿಗೆ ನನ್ನಂಥ ಕಾರಿನವರು ನಡುವೆ ನಿಲ್ಲದೆ ಬರುವ ಹಟ ಮಾಡಬಾರದು. ಕೆಳಗೆ ರಾತ್ರಿ ಉಳಿಯುವ ಜಾಗದಲ್ಲಿ ಚಾರ್ಜ್ ಮಾಡಲು ಆಗುತ್ತದೋ ಅಂತ ರೂಮ್ ಬುಕ್ ಮಾಡುವಾಗಲೇ ಕೇಳಿ. 'ಪ್ಲಗ್ ಇದೆ' ಅಂದರೆ ಸಾಲದು. 'ಹದಿನೈದು ಆಂಪಿಯರ್ ಪ್ಲಗ್ ಗಾಡಿ ನಿಲ್ಲಿಸುವ ಜಾಗದ ಹತ್ತಿರ ಇದೆಯೇ' ಅಂತ ಬಿಡಿಸಿ ಕೇಳಿ. ಒಂದು ಕಡೆ ಪ್ಲಗ್ ಇತ್ತು, ಎರಡನೇ ಮಹಡಿಯ ಬಚ್ಚಲಿನಲ್ಲಿ.

ಇನ್ನೊಂದು ಮಾತು. ಬ್ಯಾಟರಿ 100 ತುಂಬಿದ್ದರೆ ರೀಜೆನ್‌ನಿಂದ ಬರುವ ಕರೆಂಟಿಗೆ ಜಾಗ ಇರುವುದಿಲ್ಲ. ಮೋಟರು ಕಾರನ್ನು ಸರಿಯಾಗಿ ತಡೆಯುವುದಿಲ್ಲ, ಬ್ರೇಕ್ ಪ್ಯಾಡ್ ಮೇಲೆ ಭಾರ ಬೀಳುತ್ತದೆ. ಹುಬ್ಬಳ್ಳಿಯಿಂದ ಹೊರಟರೆ ಘಟ್ಟ ಬರುವಷ್ಟರಲ್ಲಿ ಸಾಕಷ್ಟು ಖಾಲಿಯಾಗಿರುತ್ತದೆ. ಯಲ್ಲಾಪುರದಲ್ಲಿ ರಾತ್ರಿ ಉಳಿದು ಬೆಳಗ್ಗೆ ಇಳಿಯುವವರು ಮಾತ್ರ 85ಕ್ಕೆ ನಿಲ್ಲಿಸಿ.

ಬೀಗರ ಮನೆಯ ಪ್ಲಗ್

ನಮ್ಮ ಕಡೆ ಎಲ್ಲೇ ಹೋದರೂ ಒಬ್ಬ ಕಾಕಾನೋ ಅತ್ತಿಯೋ ಇದ್ದೇ ಇರುತ್ತಾರೆ. ದೂರ ಕಡಿಮೆ ಓಡುವ ಕಾರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರ್ ಡಿಕ್ಕಿಯಲ್ಲೇ ಇರಲಿ. ಅದು ತಾಸಿಗೆ ಎರಡೂವರೆ ಯೂನಿಟ್ ಹತ್ತಿರ ತುಂಬಿಸುತ್ತದೆ. ಊಟ, ಎಲೆ-ಅಡಿಕೆ, ಒಂದು ಸಣ್ಣ ನಿದ್ದೆ ಅಂತ ಮೂರು ತಾಸು ಹಿಡಿಯಿರಿ. ಏಳೂವರೆ ಯೂನಿಟ್, ಅಂದರೆ ನನಗೆ 30 ಪರ್ಸೆಂಟಿನ ಆಚೀಚೆ. ಗದಗದಿಂದ ಬರುವ ದಾರಿ ಒಳ್ಳೇ ದಿನವಾಗಿದ್ದರೆ ಪೂರ್ತಿ ಬಂತು.

ಹಚ್ಚುವ ಮುನ್ನ ಮೂರು ವಿಷಯ ನೋಡಿ. ದಪ್ಪ ಪಿನ್ನಿನ ಹದಿನೈದು ಆಂಪಿಯರ್ ಸಾಕೆಟ್ ಬೇಕು. ಮೊಬೈಲ್ ಹಚ್ಚುವ ಸಣ್ಣ ಸಾಕೆಟ್‌ಗೆ ಅಡಾಪ್ಟರ್ ಹಾಕಿ ಸಾಹಸ ಮಾಡಬೇಡಿ, ಕರಗುತ್ತದೆ. ಅರ್ಥಿಂಗ್ ಸರಿ ಇರಬೇಕು. ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ನೆ ಕೂರುತ್ತದೆ. ಹಳೇ ಪೇಟೆ ಮನೆಗಳಲ್ಲಿ ಇದೇ ದೊಡ್ಡ ತೊಂದರೆ. ಅರ್ಥಿಂಗ್ ಇಲ್ಲದೆಯೂ ಓಡಿಸುವ ಉಪಾಯ ಹೇಳುವವರು ಸಿಗುತ್ತಾರೆ. ಕೇಳಬೇಡಿ, ಮಕ್ಕಳು ಮುಟ್ಟುವ ಗಾಡಿ ಅದು. ಮೂರನೆಯದು, ಅದೇ ಲೈನಿನಲ್ಲಿ ಗೀಸರ್ ಅಥವಾ ನೀರಿನ ಮೋಟರ್ ಓಡುತ್ತಿದ್ದರೆ ಅದು ಮುಗಿಯುವವರೆಗೆ ಕಾಯಿರಿ. ಹಚ್ಚಿದ ಅರ್ಧ ತಾಸಿಗೆ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಡೆಯುತ್ತದೆ, ಸುಡುತ್ತಿದ್ದರೆ ತೆಗೆಯಿರಿ.

ಇನ್ನು ಮರ್ಯಾದೆಯ ವಿಷಯ. ಬಹಳ ಮನೆಗಳಲ್ಲಿ ಈಗ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಅವರಿಗೆ ಪೂರ್ತಿ ಬಿಲ್ ಬರುತ್ತದೆ. ನೀವು ವಾರವಾರ ಹೋಗಿ ಹತ್ತು ಹತ್ತು ಯೂನಿಟ್ ತುಂಬಿಸಿಕೊಂಡು ಬಂದರೆ ಅತ್ತಿ ಬಾಯಿಬಿಟ್ಟು ಹೇಳಲಿಕ್ಕಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡಾಳು. ರೊಕ್ಕ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ನಾನು ಧಾರವಾಡ ಪೇಡೆ ಒಯ್ಯುತ್ತೇನೆ. ಯೂನಿಟ್ ಲೆಕ್ಕದಲ್ಲಿ ನೋಡಿದರೆ ನನಗೆ ನಷ್ಟವೇ.

ನಿಮ್ಮ ಸ್ವಂತ ಮನೆಗಾದರೆ ಚಾರ್ಜರ್‌ಗೆ ಬೇರೆ ಲೈನ್ ಎಳೆಸಿ, ಬೇರೆ ಎಂಸಿಬಿ ಹಾಕಿಸಿ. ಮಂಜೂರಾದ ಲೋಡ್ ಸಾಲದಿದ್ದರೆ ಹೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ.

ದಾರಿಯ ಫಾಸ್ಟ್ ಚಾರ್ಜರ್

ಪುಣೆ–ಬೆಂಗಳೂರು ಹೈವೇ ಅಂದರೆ ಹಾವೇರಿ, ರಾಣೆಬೆನ್ನೂರು, ದಾವಣಗೆರೆ ಕಡೆ ಹೋಗುವವರಿಗೆ ಚಿಂತೆ ಕಡಿಮೆ. ಒಳದಾರಿಗಳಲ್ಲಿ ಮಾತ್ರ ಹುಡುಕಿಕೊಂಡೇ ಹೊರಡಬೇಕು. ಎರಡು ಮೂರು ಕಂಪನಿಗಳ ಆ್ಯಪ್ ಮೊದಲೇ ಹಾಕಿ, ವ್ಯಾಲೆಟ್‌ನಲ್ಲಿ ಇನ್ನೂರು ಮುನ್ನೂರು ರೂಪಾಯಿ ಇಡಿ. ಹೈವೇ ಬದಿ ನೆಟ್‌ವರ್ಕ್ ಸಿಗದೆ ಓಟಿಪಿಗೆ ಕಾಯುವ ಕಷ್ಟ ಯಾರಿಗೂ ಬೇಡ.

ಆ್ಯಪ್‌ನಲ್ಲಿ ಹಸಿರು ಚುಕ್ಕಿ ಇದೆ ಅಂತ ನಂಬಿ ನಾನೊಮ್ಮೆ 18 ಪರ್ಸೆಂಟ್‌ನಲ್ಲಿ ಒಂದು ಚಾರ್ಜರ್ ಹತ್ತಿರ ಹೋದೆ. ಚಾರ್ಜರ್ ಇತ್ತು, ಕರೆಂಟ್ ಇರಲಿಲ್ಲ. "ಮುಂಜಾನಿಂದ ಹೋಗೇದ್ರೀ, ಚಾ ಕುಡೀರಿ, ಬರ್ತದ" ಅಂದ ಅಲ್ಲಿದ್ದ ಹುಡುಗ. ಎರಡು ಚಹಾ, ಒಂದು ಪ್ಲೇಟ್ ಗಿರ್ಮಿಟ್, ನಾಲ್ಕು ಮಿರ್ಚಿ ಆದ ಮೇಲೆ ಬಂತು. ಈಗ ನಾನು ಆ ಚಾರ್ಜರ್ ಕೊನೆಯ ಸಲ ಯಾವಾಗ ಬಳಕೆಯಾಗಿದೆ ಅಂತ ನೋಡುತ್ತೇನೆ, ನಂಬರ್ ಇದ್ದರೆ ಫೋನ್ ಮಾಡುತ್ತೇನೆ. ಅಲ್ಲಿಗೆ ಮುಟ್ಟಿದಾಗ ಮುಂದಿನ ಚಾರ್ಜರ್‌ಗೆ ಹೋಗುವಷ್ಟಾದರೂ ಕೈಯಲ್ಲಿ ಇರುವಂತೆ ನೋಡಿಕೊಳ್ಳುತ್ತೇನೆ.

80 ಆದ ತಕ್ಷಣ ಗನ್ (ಕಾರಿಗೆ ಸಿಕ್ಕಿಸುವ ಚಾರ್ಜರ್‌ನ ಹಿಡಿಕೆ) ತೆಗೆದು ಹೊರಡಿ. ಅಲ್ಲಿಂದ ಮೇಲೆ ಬ್ಯಾಟರಿ ಕರೆಂಟನ್ನು ನಿಧಾನವಾಗಿ ಎಳೆಯುತ್ತದೆ. ಕೊನೆಯ 20 ತುಂಬಲು ಹಿಡಿಯುವ ಹೊತ್ತಿನಲ್ಲಿ ಹಿಂದೆ ನಿಂತವರು ಬೈದುಕೊಳ್ಳುತ್ತಿರುತ್ತಾರೆ. ಮೇ ತಿಂಗಳ ಮಧ್ಯಾಹ್ನ ಬ್ಯಾಟರಿ ಕಾದಿದ್ದರೆ ಮೊದಲಿನಿಂದಲೇ ನಿಧಾನ. ಆಗ ಬೆಳಗ್ಗೆಯೋ ಸಂಜೆಯೋ ಚಾರ್ಜ್ ಆಗುವಂತೆ ಪ್ರಯಾಣ ಹೊಂದಿಸಿ.

ಆದರೂ 10ಕ್ಕೆ ಇಳಿದರೆ

ಮೊದಲು ವೇಗ 50ಕ್ಕೆ ಇಳಿಸಿ, ಎಡಕ್ಕೆ ಸರಿಯಿರಿ, ಎಸಿ ಬಂದ್ ಮಾಡಿ. ಇಷ್ಟರಿಂದಲೇ ಆ ಹತ್ತು ಪರ್ಸೆಂಟ್ ಎಷ್ಟು ಹಿಗ್ಗುತ್ತದೆ ಅಂತ ನೋಡಿ ನಿಮಗೇ ಆಶ್ಚರ್ಯವಾಗುತ್ತದೆ. ಗಾಳಿ ಮರೆಯಾಗುತ್ತದೆ ಅಂತ ಲಾರಿಯ ಬೆನ್ನಿಗೆ ಅಂಟಿಕೊಳ್ಳುವುದು ಮಾತ್ರ ಬೇಡವೇ ಬೇಡ. ಪರದೆಯ ಮೇಲೆ ಆಮೆ ಚಿತ್ರ ಬಂದರೆ ಕಾರು ತಾನೇ ಶಕ್ತಿ ಕಡಿಮೆ ಮಾಡಿಕೊಂಡಿದೆ ಅಂತ ಅರ್ಥ. ಆಗ ಇನ್ನೂ ಓಡುತ್ತಿರುವಾಗಲೇ ಬೆಳಕಿರುವ, ಮಂದಿ ಇರುವ ಜಾಗ ನೋಡಿ ನಿಲ್ಲಿಸಿ. ಡಾಬಾ, ಪೆಟ್ರೋಲ್ ಬಂಕ್ ಏನಾದರೂ ಆದೀತು. ಹದಿನೈದು ಆಂಪಿಯರ್ ಪ್ಲಗ್ ಕೇಳಿ, ಒಂದೂವರೆ ತಾಸು ಕೂತರೆ ಇಪ್ಪತ್ತೈದು ಕಿಲೋಮೀಟರ್ ದಾರಿ ಸಿಗುತ್ತದೆ.

ಅದೂ ಆಗದಿದ್ದರೆ ಕಂಪನಿಯ ರಸ್ತೆಬದಿ ಸಹಾಯದ ನಂಬರಿಗೆ ಫೋನ್ ಮಾಡಿ. ಮೊಬೈಲ್ ಬ್ಯಾಟರಿಯೂ ಮುಗಿದಿರಬಹುದು, ಆದ್ದರಿಂದ ಆ ನಂಬರನ್ನು ಕಿರ್ದಿಯ ಮೊದಲ ಪುಟದಲ್ಲೇ ಬರೆದಿಡಿ. ಹಗ್ಗ ಕಟ್ಟಿ ಎಳೆಯಲು ಟ್ರ್ಯಾಕ್ಟರಿನವರು ಪ್ರೀತಿಯಿಂದ ಮುಂದೆ ಬರುತ್ತಾರೆ, ನಮ್ಮ ಕಡೆ ಮಂದಿ ಹಾಗೇ. ಕೈ ಮುಗಿದು ಬೇಡ ಅನ್ನಿ. ಗಾಲಿ ತಿರುಗಿದರೆ ಮೋಟರೂ ತಿರುಗುತ್ತದೆ, ಒಳಗಿನ ಸಾಮಾನು ಸುಟ್ಟೀತು. ನಾಲ್ಕೂ ಗಾಲಿ ನೆಲ ಬಿಟ್ಟು ಮೇಲೆ ಇರುವಂತೆ, ಚಪ್ಪಟೆ ಹಾಸಿನ ಗಾಡಿಯ ಮೇಲೆ ಏರಿಸಿಯೇ ಒಯ್ಯಬೇಕು. ಫೋನಿನಲ್ಲಿ ಅದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕೊಕ್ಕೆ ಹಾಕಿ ಎತ್ತುವ ಗಾಡಿ ಬಂದು ನಿಲ್ಲುತ್ತದೆ.